ಮಾದರಿ ಪೊಟ್ಟಣವೂ ಗೋದಾಮಿನ ಮೂಟೆಯೂ
ಗಣಿಯೂರಿನ ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕಾಪಾಡುವ ಬಗೆ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 1880ರ ದಶಕದಿಂದ ನಡೆದುಬಂದು, 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಉದ್ಯಮದ ಗುರುತು ಈಗ ಸೈನೈಡ್ ದಿಬ್ಬಗಳಲ್ಲಿಯೂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಬಂಗಾರಪೇಟೆ ಕಡೆಯ ಮನೆಗಳ ಹಳೆಯ ಭಾವಚಿತ್ರಗಳಲ್ಲಿಯೂ ಉಳಿದಿದೆ. ಇಂಥ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿಬಿಟ್ಟರೆ ಸಾಕೆ? ಸಾಲದು. ತೋಟದ ಚಿತ್ರಗಳಿಗೂ ಇದೇ ಮಾತು ಅನ್ವಯಿಸುವುದರಿಂದ ಬೆಳೆಗಾರ ಬಂಧುಗಳು ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಚಿತ್ರಗಳನ್ನು ಜೋಡಿಸಿಡುವ ತಂತ್ರಾಂಶವು ಪ್ರತಿಯೊಂದು ಚಿತ್ರಕ್ಕೂ ಒಂದು ಪುಟ್ಟ ಪ್ರತಿಯನ್ನು ತಯಾರಿಸಿಕೊಳ್ಳುತ್ತದೆ. ಇದೇ ಥಂಬ್‌ನೇಲ್. ಕಾಫಿ ವ್ಯಾಪಾರಿಯ ಮೇಜಿನ ಮೇಲಿನ ಮಾದರಿ ಪೊಟ್ಟಣವಿದ್ದಂತೆ. ಮೂಟೆ ಇರುವುದು ಗೋದಾಮಿನಲ್ಲಿ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶವು ಈ ಪುಟ್ಟ ಪ್ರತಿಗಳನ್ನೆಲ್ಲ ಒಂದು ಪ್ರತ್ಯೇಕ ಕಡತದಲ್ಲಿ ಇಡುತ್ತದೆ. ಆ ಕಡತ ಹಾಳಾದರೆ ಚಿಂತೆಯಿಲ್ಲ, ಮೂಲ ಚಿತ್ರಗಳಿಂದ ಮತ್ತೆ ತಯಾರಾಗುತ್ತದೆ. ಆದರೆ ಮೂಲವೇ ಹೋಗಿ ಪುಟ್ಟ ಪ್ರತಿ ಮಾತ್ರ ಉಳಿದರೆ, ಅದನ್ನು ದೊಡ್ಡದು ಮಾಡಿ ಅಜ್ಜನ ಮುಖ ಗುರುತಿಸುವಂತಿಲ್ಲ. ಪರದೆಯ ಮೇಲೆ ಕಾಣುತ್ತಿದೆ ಎಂದ ಮಾತ್ರಕ್ಕೆ ಮೂಲ ಭದ್ರವಾಗಿದೆ ಎಂದು ತಿಳಿಯಬಾರದು.

ಇನ್ನು ಚಿತ್ರದ ವಿವರಗಳು: ದಿನಾಂಕ, ಸ್ಥಳ, ಜನರ ಹೆಸರು. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಇವನ್ನು ತಂತ್ರಾಂಶದ ದಾಸ್ತಾನು ಪುಸ್ತಕದಲ್ಲಿ ಬರೆಯಬಹುದು, ಇಲ್ಲವೆ ಮೂಟೆಗೆ ಹೊಲಿದ ಚೀಟಿಯಂತೆ ಚಿತ್ರದ ಕಡತದೊಳಗೇ ಬರೆಯಬಹುದು. ಎರಡನೆಯದೇ ಮೇಲು. ಬಹಳ ಜನ ಬಳಸುತ್ತಿದ್ದ ಪಿಕಾಸಾ ತಂತ್ರಾಂಶವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಅದರಲ್ಲಿ ಬರೆದ ಶೀರ್ಷಿಕೆಗಳು ಚಿತ್ರದೊಳಗೇ ಇದ್ದುದರಿಂದ ಉಳಿದವು. ಆಲ್ಬಂಗಳ ಜೋಡಣೆ ಅದರದೇ ಪುಸ್ತಕದಲ್ಲಿದ್ದುದರಿಂದ ಬೇರೆ ತಂತ್ರಾಂಶಗಳಿಗೆ ಸುಲಭವಾಗಿ ದಕ್ಕಲಿಲ್ಲ.

ಹಳೆಯ ಚಿತ್ರಗಳಲ್ಲಿ ಇನ್ನೊಂದು ತೊಡಕುಂಟು. ಸ್ಕ್ಯಾನ್ ಮಾಡಿದ ದಿನವನ್ನೇ ಯಂತ್ರವು ಚಿತ್ರದ ದಿನಾಂಕವೆಂದು ದಾಖಲಿಸುತ್ತದೆ. ಗಣಿಗೆ ಇಳಿಯಲು ನಿಂತ ಅಜ್ಜ, ಮೊಮ್ಮಗನ ಮದುವೆಯ ಚಿತ್ರಗಳ ನಡುವೆ ಬಂದು ಕೂರುತ್ತಾನೆ! ಚಿತ್ರದ ಹಿಂಬದಿಯಲ್ಲಿ ಬೌರಿಂಗ್‌ಪೇಟೆ ಎಂದಿದ್ದರೆ, ಅದು ಬಂಗಾರಪೇಟೆಯ ಹಳೆಯ ಹೆಸರೆಂದು ಯಂತ್ರಕ್ಕೆ ತಿಳಿಯದು. ಎರಡು ಹೆಸರನ್ನೂ ನಾವೇ ಬರೆಯಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಹಿರಿಯರು ಇರುವಾಗಲೇ ಕೇಳಿ ಹೆಸರು, ಊರು, ಅಂದಾಜು ವರ್ಷ ಬರೆದಿಡಿ. ಚಿತ್ರದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ.

2. ವಿವರಗಳನ್ನು ಚಿತ್ರದ ಕಡತಕ್ಕೇ ಬರೆಯುವ ಏರ್ಪಾಡು ನಿಮ್ಮ ತಂತ್ರಾಂಶದಲ್ಲಿ ಚಾಲೂ ಇದೆಯೇ ನೋಡಿಕೊಳ್ಳಿ.

3. ಅಡಿಕೆಯ ಎಲೆಚುಕ್ಕಿ ರೋಗದ ಚಿತ್ರವನ್ನು ತಜ್ಞರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ. ಮಾಮೂಲಿ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗಿ, ತೆಗೆದ ದಿನಾಂಕ ಮತ್ತು ಸ್ಥಳದ ವಿವರ ಕಳಚಿಹೋಗುತ್ತದೆ.

4. ಮೂಲ ಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ ಇಡಿ.

ಚೀಟಿಯಿಲ್ಲದ ಮೂಟೆ ಯಾರ ತೋಟದ್ದೆಂದು ಹಮಾಲಿಯೂ ಹೇಳಲಾರ. ಹೆಸರಿಲ್ಲದ ಚಿತ್ರದ ಗತಿಯೂ ಅಷ್ಟೇ.

– ಕಾರ್ಯದರ್ಶಿ