ಗಣಕದ ಕರ್ನೆಲ್‌ನಲ್ಲಿ ಸ್ಮೃತಿಯ ಲೆಕ್ಕ: ಸೋರಿಕೆ ಮತ್ತು ಬೀಗ

ಒಂದೇ ಗಣಕವನ್ನು ಅನೇಕರು ಏಕಕಾಲದಲ್ಲಿ ಬಳಸುವಾಗ, ಅದರ ಸ್ಮೃತಿಯಲ್ಲಿ ಯಾರು ಎಷ್ಟು ಭಾಗವನ್ನು ಪಡೆದಿದ್ದಾರೆಂಬ ಲೆಕ್ಕವನ್ನಿಡುವುದು ಅನಿವಾರ್ಯ. ಈ ಹೊಣೆ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನದು. ಲೆಕ್ಕ ತಪ್ಪಿದರೆ, ಸ್ಮೃತಿ ಬರಿದಾಗಿರುವಾಗಲೂ ಬಳಕೆದಾರನ ಬೇಡಿಕೆ ತಿರಸ್ಕೃತವಾಗಬಹುದು. ಇಲ್ಲವೇ ಒಬ್ಬನ ಅತಿಬಳಕೆಯಿಂದ ಇತರರ ಕೆಲಸ ಅರ್ಧಕ್ಕೇ ನಿಂತುಹೋಗಬಹುದು.

ವಿಷಯವನ್ನು ಒಂದು ದೃಷ್ಟಾಂತದಿಂದ ವಿಶದಪಡಿಸಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಂತಹ ಊರೊಂದರಲ್ಲಿ, ಮದುವೆಗಳಿಗೆ ಎರವಲು ಕೊಡುವ ಪಾತ್ರೆಗಳ ಉಗ್ರಾಣವಿದೆಯೆಂದು ಭಾವಿಸೋಣ. ಪಾತ್ರೆ ಹೊರಗೆ ಹೋದಾಗ ಒಯ್ದವರ ಹೆಸರಿಗೆ ಬರೆಯಬೇಕು, ಮರಳಿದಾಗ ಹೊಡೆದುಹಾಕಬೇಕು. ಪಾತ್ರೆಯೇ ಮರಳದಿದ್ದರೆ ಅದು ವಸ್ತುವಿನ ಸೋರಿಕೆ. ಪಾತ್ರೆ ಮರಳಿಯೂ ಬರಹ ಉಳಿದರೆ ಅದು ಲೆಕ್ಕದ ಸೋರಿಕೆ. ಇಬ್ಬರು ಗುಮಾಸ್ತರು ಹಳೆಯ ಮೊತ್ತವನ್ನು ಒಂದೇ ಗಳಿಗೆಯಲ್ಲಿ ಓದಿ, ತಮ್ಮ ತಮ್ಮ ಕೂಡಿಕೆಯನ್ನು ಸೇರಿಸಿ ಬರೆದರೆ ಒಬ್ಬನ ಬರಹ ಅಳಿದುಹೋಗುತ್ತದೆ. ಇದನ್ನು ತಡೆಯಲು ಪುಸ್ತಕವನ್ನು ಒಬ್ಬೊಬ್ಬರೇ ಹಿಡಿಯಬೇಕೆಂಬ ನಿಯಮವೇ ಬೀಗ.

ಲಿನಕ್ಸ್ ಕರ್ನೆಲ್ಲಿನಲ್ಲಿ ಬಳಕೆದಾರರ ಗುಂಪುಗಳಿಗೆ ಹೀಗೆ ಲೆಕ್ಕವಿಡುವ ಸ್ಮೃತಿ ನಿಯಂತ್ರಕವು 2008ರ ಏಪ್ರಿಲ್‌ನಲ್ಲಿ ಹೊರಬಂದ 2.6.25ನೆಯ ಆವೃತ್ತಿಯಲ್ಲಿ ಸೇರಿತು. ಅದರ ರಚನೆಯಲ್ಲಿ ಬೆಂಗಳೂರಿನ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಬಲ್ಬೀರ್ ಸಿಂಗ್ ಅವರ ಪಾತ್ರ ಪ್ರಮುಖವಾದುದು. ಸ್ಮೃತಿಯನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ಎಣಿಸಲಾಗುತ್ತದೆ.

ಸೋರಿಕೆ ಹೆಚ್ಚಾಗಿ ಹುಟ್ಟುವುದು ವಿಫಲತೆಯ ಹಾದಿಯಲ್ಲಿ. ಒಂದು ಕಾರ್ಯಕ್ಕೆ ಮೂರು ಹಂತಗಳಿದ್ದು ಮೂರನೆಯದು ವಿಫಲವಾದರೆ, ಮೊದಲೆರಡು ಹಂತಗಳಲ್ಲಿ ಪಡೆದುದನ್ನು ವಿಲೋಮಕ್ರಮದಲ್ಲಿ ಹಿಂದಿರುಗಿಸಬೇಕು. ಸಫಲವಾದ ಹಾದಿಯನ್ನು ದಿನವೂ ಪರೀಕ್ಷಿಸುವವರೂ ಈ ಹಾದಿಯನ್ನು ಪರೀಕ್ಷಿಸುವುದು ವಿರಳ.

ಬೀಗ ಮತ್ತು ಸೋರಿಕೆಗಳ ನಡುವೆ ನಿಕಟ ಸಂಬಂಧವೂ ಉಂಟು. ತಿರುಗುಬೀಗವನ್ನು ಹಿಡಿದಿರುವವನು ನಿದ್ರಿಸಕೂಡದು; ಆದರೆ ಹೊಸ ಸ್ಮೃತಿಯನ್ನು ಕೇಳಿದಾಗ ಕರ್ನೆಲ್ ಕಾಯಬೇಕಾಗಬಹುದು. ಆದ್ದರಿಂದ ಸ್ಮೃತಿಯನ್ನು ಮೊದಲೇ ಪಡೆದು, ಆಮೇಲೆ ಬೀಗ ಹಿಡಿಯುವುದು ವಾಡಿಕೆ. ಅಷ್ಟರಲ್ಲಿ ಇನ್ನೊಬ್ಬನು ಅದೇ ನಮೂದನ್ನು ಸೇರಿಸಿಬಿಟ್ಟಿರಬಹುದು. ಪುನಃ ನೋಡದೆ ಬರೆದರೆ ಹಿಂದಿನ ನಮೂದು ಯಾರ ಕೈಗೂ ಸಿಕ್ಕದೆ ಕಳೆದುಹೋಗುತ್ತದೆ. ಬೀಗ ಹಿಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಹೆಚ್ಚಾದುದನ್ನು ಬೀಗ ಬಿಟ್ಟ ನಂತರ ಹಿಂದಿರುಗಿಸುವುದೇ ಸರಿಯಾದ ಪರಿಹಾರ.

ಬೀಗಕ್ಕೆ ಬೆಲೆಯೂ ಉಂಟು. ಆರಂಭದ ಎಣಿಕೆದಾರ ಪ್ರತಿ ಕೂಡಿಕೆಗೂ ಬೀಗ ಹಿಡಿಯುತ್ತಿದ್ದುದರಿಂದ ಅನೇಕ ಸಂಸ್ಕಾರಕಗಳು ಒಂದರ ಹಿಂದೊಂದು ಸಾಲುಗಟ್ಟಿ ಕಾಯಬೇಕಾಗಿತ್ತು. 2015ರ 3.19ನೆಯ ಆವೃತ್ತಿಯಲ್ಲಿ ಯೋಹಾನೆಸ್ ವೈನರ್ ಅವರು ಬೀಗರಹಿತ ಎಣಿಕೆಯನ್ನು ತಂದರು. ಅದರಲ್ಲಿ ಅವಿಭಾಜ್ಯವಾದ ಒಂದೇ ಕ್ರಿಯೆಯಿಂದ ಮೊದಲು ಕೂಡಿಸಿ, ಮಿತಿ ಮೀರಿದರೆ ಹಿಂದೆಗೆಯಲಾಗುತ್ತದೆ. ಇದಲ್ಲದೆ ಪ್ರತಿ ಸಂಸ್ಕಾರಕವೂ ಒಮ್ಮೆಗೇ ಹಲವು ಪುಟಗಳನ್ನು ಮುಂಗಡವಾಗಿ ಬರೆಸಿಕೊಳ್ಳುತ್ತದೆ. ಈ ಮುಂಗಡ 32 ಪುಟಗಳಿದ್ದುದು 2022ರಲ್ಲಿ 64ಕ್ಕೇರಿತು. ಲೆಕ್ಕ ಕ್ಷಣಕಾಲ ಸ್ಥೂಲವಾಗುತ್ತದೆ. ಆದರೆ ವೇಗ ಹೆಚ್ಚುತ್ತದೆ.

ಮತ್ತೊಂದು ತೊಡಕು, ಗುಂಪನ್ನು ಅಳಿಸಿದ ಮೇಲೂ ಅದರ ಹೆಸರಿಗೆ ಬರೆದ ವಸ್ತುಗಳು ಉಳಿಯುವುದು. ಅವುಗಳಲ್ಲಿ ಒಂದು ಉಳಿದರೂ ಗುಂಪಿನ ಸಂಪೂರ್ಣ ದಾಖಲೆ ಸ್ಮೃತಿಯಲ್ಲೇ ಇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದ 5.9ನೆಯ ಆವೃತ್ತಿಯಲ್ಲಿ ಕರ್ನೆಲ್ಲಿನ ಸಣ್ಣ ವಸ್ತುಗಳನ್ನು ನೇರವಾಗಿ ಗುಂಪಿಗೆ ಕಟ್ಟದೆ ಒಂದು ಮಧ್ಯವರ್ತಿ ರಚನೆಗೆ ಕಟ್ಟಲಾಯಿತು. ಗುಂಪು ಅಳಿದಾಗ ಆ ಭಾರ ಮೇಲಿನ ಗುಂಪಿಗೆ ಸೇರುತ್ತದೆ. ಮಗನ ಸಾಲ ತಂದೆಯ ಖಾತೆಗೆ ವರ್ಗವಾದಂತೆ.

ಇಂತಹ ದೋಷಗಳನ್ನು ಹುಡುಕಲು ಎರಡು ಉಪಕರಣಗಳು ಮುಖ್ಯವಾದವು. 2006ರಲ್ಲಿ ಸೇರಿದ ಲಾಕ್‌ಡೆಪ್, ಬೀಗಗಳನ್ನು ಹಿಡಿದ ಅನುಕ್ರಮವನ್ನು ಗುರುತಿಟ್ಟು, ಪರಸ್ಪರ ಕಾಯುವ ಸ್ಥಿತಿ ಒದಗುವ ಮೊದಲೇ ಎಚ್ಚರಿಸುತ್ತದೆ. 2009ರಲ್ಲಿ ಬಂದ ಕೆಮೆಮ್‌ಲೀಕ್, ಯಾವ ಸೂಚಕವೂ ಇಲ್ಲದೆ ಅನಾಥವಾದ ಸ್ಮೃತಿಖಂಡಗಳನ್ನು ತೋರಿಸುತ್ತದೆ. ಆದರೆ ಸೂಚಕ ಉಳಿದಿದ್ದು ಲೆಕ್ಕ ಮಾತ್ರ ತಪ್ಪಿದ್ದರೆ ಇದು ಮೌನವಾಗಿರುತ್ತದೆ. ಅಂತಹ ದೋಷವನ್ನು ಕಾಣಲು ಗುಂಪುಗಳನ್ನು ಸಾವಿರಾರು ಬಾರಿ ಸೃಷ್ಟಿಸಿ, ಅಳಿಸಿ, ಕೊನೆಗೆ ಮೊತ್ತ ಮೊದಲಿನ ಮಟ್ಟಕ್ಕೆ ಮರಳಿತೇ ಎಂದು ನೋಡಬೇಕು.

ಸೋರಿಕೆಯ ಪರಿಣಾಮ ಒಂದು ದಿನದಲ್ಲಿ ಕಾಣುವುದಿಲ್ಲ. ತಿಂಗಳುಗಟ್ಟಲೆ ನಿಲ್ಲದೆ ನಡೆಯುವ ಗಣಕದಲ್ಲಿ ಅದು ತಿಳಿಯದಂತೆ ಬೆಳೆಯುತ್ತದೆ. ಆದಕಾರಣ ವಿದ್ಯಾರ್ಥಿಗಳು ಕ್ರಮವಿಧಿಯನ್ನು ಓದುವಾಗ, ಪಡೆದ ಪ್ರತಿಯೊಂದು ವಸ್ತುವಿನ ಎದುರು ಅದನ್ನು ಹಿಂದಿರುಗಿಸುವವರು ಯಾರು, ಯಾವ ಬೀಗದ ಅಡಿಯಲ್ಲಿ, ಯಾವ ಕ್ರಮದಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು ಯುಕ್ತ.