ಕಿರುಗುಟ್ಟಿದ ಕೀಲು

ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯವರ ಬಳಿಗೆ 1950ರ ದಶಕದಲ್ಲಿ ಒಬ್ಬ ರೋಗಿ ಬಂದನು. ಅವನ ಸೊಂಟದ ಕೀಲಿನ ಸವೆದ ಗುಂಡನ್ನು ತೆಗೆದು, ಪ್ಯಾರಿಸಿನ ಜ್ಯೂಡೆ ಸೋದರರು ರೂಪಿಸಿದ್ದ ಅಕ್ರಿಲಿಕ್ ಗುಂಡನ್ನು ಜೋಡಿಸಲಾಗಿತ್ತು. ಅವನು ಮುಂದಕ್ಕೆ ಬಾಗಿದಾಗ ಆ ಕೀಲು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಆ ಸದ್ದನ್ನು ಸಹಿಸಲಾರದೆ ಅವನ ಹೆಂಡತಿಯೇ ಬಳಿಯಲ್ಲಿ ಕೂಡಲು ಹಿಂಜರಿಯುತ್ತಿದ್ದಳಂತೆ!

ಬೇರೊಬ್ಬರು ನಕ್ಕು ಮರೆಯಬಹುದಾಗಿದ್ದ ಈ ಸಂಗತಿ ಚಾರ್ನ್ಲಿಯವರನ್ನು ಗಾಢವಾದ ಯೋಚನೆಗೆ ಹಚ್ಚಿತು. ಕಿರುಗುಟ್ಟುವುದೆಂದರೆ ಘರ್ಷಣೆ. ಘರ್ಷಣೆಯಿದ್ದಲ್ಲಿ ಪ್ರತಿಯೊಂದು ಹೆಜ್ಜೆಯೂ ಕೃತಕ ಕೀಲನ್ನು ಮೂಳೆಯಿಂದ ಕೊಂಚ ಕೊಂಚವಾಗಿ ಕದಲಿಸುತ್ತದೆ, ಕದಲಿದ್ದು ಸಡಿಲವಾಗುತ್ತದೆ, ಸಡಿಲವಾದದ್ದು ನೋಯುತ್ತದೆ. ಹಾಗಾದರೆ ನೋವಿಗೆ ಕಾರಣವನ್ನು ರೋಗಿಯ ಮನಸ್ಸಿನಲ್ಲಲ್ಲ, ಅವನೊಳಗಿಟ್ಟ ವಸ್ತುವಿನ ರಚನೆಯಲ್ಲಿಯೇ ಹುಡುಕಬೇಕಾಗಿತ್ತು.

ಗುಂಡು ಮತ್ತು ಬಟ್ಟಲು

ಸೊಂಟದ ಕೀಲು ಬಟ್ಟಲಿನಲ್ಲಿ ತಿರುಗುವ ಗುಂಡು. ಚಾರ್ನ್ಲಿಯವರು ಎರಡನ್ನೂ ಬದಲಾಯಿಸಲು ನಿಶ್ಚಯಿಸಿದರು. ಹಿಂದೆ ಕ್ಷಯರೋಗಿಗಳಿಗೆ ಮೀಸಲಾಗಿದ್ದ ರೈಟಿಂಗ್‌ಟನ್ ಆಸ್ಪತ್ರೆ ಅವರ ಕಾರ್ಯಕ್ಷೇತ್ರವಾಯಿತು. ತೊಡೆಮೂಳೆಯೊಳಗೆ ನಾಟುವ ಉಕ್ಕಿನ ಕಾಂಡ, ಅದರ ತುದಿಯಲ್ಲಿ ಗುಂಡು, ಅದಕ್ಕೆ ನುಣುಪಾದ ಟೆಫ್ಲಾನ್ ಬಟ್ಟಲು, ಹಿಡಿದಿಡಲು ಅಕ್ರಿಲಿಕ್ ಸಿಮೆಂಟು—ಇದು ಅವರ ರಚನೆ.

ಗುಂಡಿನ ಗಾತ್ರವನ್ನು ಅವರು ಕೇವಲ 22 ಮಿಲಿಮೀಟರಿಗೆ ಇಳಿಸಿದರು. ಬಾಗಿಲನ್ನು ಅಂಚಿನಲ್ಲಿ ತಳ್ಳಿದರೆ ಸುಲಭವಾಗಿ ಕದಲುತ್ತದೆ, ತಿರುಗಣಿಯ ಬಳಿ ತಳ್ಳಿದರೆ ಕದಲುವುದು ಕಷ್ಟ. ಹಾಗೆಯೇ ಗುಂಡು ಚಿಕ್ಕದಾದಷ್ಟೂ ಬಟ್ಟಲನ್ನು ಕದಲಿಸುವ ಘರ್ಷಣೆಯ ಬಲ ಕುಗ್ಗುತ್ತದೆ.

ಫಲ ಅದ್ಭುತವಾಗಿತ್ತು. ಕೋಲೂರಿ ನರಳುತ್ತಿದ್ದವರು ನೋವಿಲ್ಲದೆ ನಡೆದರು. ಆದರೆ ಆ ಸಂತೋಷ ಬಹುಕಾಲ ಬಾಳಲಿಲ್ಲ. ಎರಡು ಮೂರು ವರ್ಷಗಳಲ್ಲಿ ಉಕ್ಕಿನ ಗುಂಡು ಮೆತ್ತಗಿನ ಟೆಫ್ಲಾನನ್ನು ಕೊರೆಯಿತು. ಸವೆತದ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ಹೋದ ನೋವು ಮರಳಿ ಬಂದಿತು. ಟೆಫ್ಲಾನ್ ಬಟ್ಟಲು ಪಡೆದವರು ಸುಮಾರು 300 ಮಂದಿ! ಚಾರ್ನ್ಲಿಯವರು ತಪ್ಪನ್ನು ಮುಚ್ಚಿಡಲಿಲ್ಲ. ತಾವೇ ಅವರಿಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡುತ್ತ ಹೋದರು.

1962ರಲ್ಲಿ, ನೇಯ್ಗೆ ಯಂತ್ರಗಳ ಹಲ್ಲುಚಕ್ರಕ್ಕೆ ಬಳಸುತ್ತಿದ್ದ ಪಾಲಿಎಥಿಲೀನ್ ತುಂಡನ್ನು ಒಬ್ಬ ವ್ಯಾಪಾರಿ ತಂದನು. ಚಾರ್ನ್ಲಿಯವರಿಗೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. ಆದರೆ ಸಹಾಯಕ ಹ್ಯಾರಿ ಕ್ರೇವನ್ ಅದನ್ನು ಪರೀಕ್ಷಾಯಂತ್ರಕ್ಕೆ ಸಿಕ್ಕಿಸಿ ಬಿಟ್ಟನು. ಮೂರು ವಾರಗಳಾದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ! ಆದರೂ ಚಾರ್ನ್ಲಿಯವರು ಈ ಬಾರಿ ಎಚ್ಚರ ತಪ್ಪಲಿಲ್ಲ. ಎರಡು ವಸ್ತುಗಳ ಪುಡಿಯನ್ನೂ ತಮ್ಮ ತೊಡೆಗೇ ಚುಚ್ಚಿಕೊಂಡು ತಿಂಗಳುಗಟ್ಟಲೆ ಕಾದರು. ಟೆಫ್ಲಾನ್ ಇದ್ದಲ್ಲಿ ಗಂಟು ಕಟ್ಟಿತು. ಇನ್ನೊಂದು ಕಡೆ ಏನೂ ಆಗಲಿಲ್ಲ. ಅದೇ ವರ್ಷದ ನವೆಂಬರಿನಿಂದ ಬಳಕೆಗೆ ಬಂದ ಹೊಸ ಬಟ್ಟಲು ಲಕ್ಷಾಂತರ ಜನರನ್ನು ನಡೆಸಿತು.

ಮರೆತ ಪಾಠ

ಪಾಲಿಎಥಿಲೀನ್ ಕೂಡ ನಿಧಾನವಾಗಿ ಸವೆಯುತ್ತದೆ, ಅದರ ಪುಡಿಯಿಂದ ಮೂಳೆ ಕರಗುತ್ತದೆ ಎಂಬುದು ಮುಂದೆ ತಿಳಿಯಿತು. ಪರಿಹಾರವಾಗಿ ಕೆಲವರು ಲೋಹದ ಗುಂಡಿಗೆ ಲೋಹದ ಬಟ್ಟಲನ್ನೇ ಜೋಡಿಸಿದರು. ಆದರೆ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ರಕ್ತಕ್ಕೆ ಸೇರಿದವು. ಕೆಲವರಿಗೆ ತೊಡೆಸಂದಿನಲ್ಲಿ ನೋವೂ ಊತವೂ ಕಾಣಿಸಿಕೊಂಡವು. 2010ರಲ್ಲಿ ಒಂದು ಕಂಪನಿ ಜಗತ್ತಿನಾದ್ಯಂತ ಸುಮಾರು 93,000 ಜನರಿಗೆ ಅಳವಡಿಸಲಾಗಿದ್ದ ಇಂತಹ ಒಂದು ಮಾದರಿಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಭಾರತೀಯ ರೋಗಿಗಳೂ ಅವರಲ್ಲಿದ್ದರು. ಬ್ರಿಟನ್ನಿನ ದಾಖಲೆಯಂತೆ, ಅದನ್ನು ಪಡೆದ ನೂರರಲ್ಲಿ ಸುಮಾರು 12ರಿಂದ 13 ಜನರಿಗೆ ಐದು ವರ್ಷಗಳೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಿತ್ತು.

ಇಂದು ಹೆಚ್ಚು ಗಟ್ಟಿಗೊಳಿಸಿದ ಪಾಲಿಎಥಿಲೀನ್ ಬಂದು ಸವೆತ ಬಹಳ ತಗ್ಗಿದೆ. ಬಹುಪಾಲು ರೋಗಿಗಳು ಹಲವು ವರ್ಷ ಸುಖವಾಗಿ ನಡೆಯುತ್ತಾರೆ. ಆದರೂ ನೋವು ಬಂದರೆ ಅದು ಎಲ್ಲಿ, ಯಾವಾಗ ಎಂಬುದನ್ನು ಗಮನಿಸಬೇಕು. ತೊಡೆಸಂದಿನ ನೋವು ಅನೇಕವೇಳೆ ಬಟ್ಟಲಿನ ಕಡೆಗೆ, ತೊಡೆಯ ನಡುವಿನ ನೋವು ಕಾಂಡದ ಕಡೆಗೆ ಬೆರಳು ತೋರುತ್ತದೆ. ಕುಳಿತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ನೋಯುವುದು ಸಡಿಲಿಕೆಯ ಲಕ್ಷಣವಾಗಿರಬಹುದು. ವಿಶ್ರಾಂತಿಯಲ್ಲಿಯೂ ತಪ್ಪದ ನೋವು ಸೋಂಕಿನದಾಗಿರಬಹುದು. ಬೆನ್ನುಮೂಳೆಯ ತೊಂದರೆಯೂ ಸೊಂಟದ ನೋವಿನ ವೇಷ ಧರಿಸುವುದುಂಟು. ನಿರ್ಣಯಿಸಬೇಕಾದವರು ವೈದ್ಯರು.

ಮನೆಯ ಹಿರಿಯರು “ಮತ್ತೆ ನೋಯುತ್ತಿದೆ” ಎಂದಾಗ “ವಯಸ್ಸಾಯಿತು, ಸಹಿಸಿಕೊಳ್ಳಿ” ಎನ್ನುವುದು ಸುಲಭ. 1977ರಲ್ಲಿ ಸರ್ ಪದವಿ ಪಡೆದು 1982ರಲ್ಲಿ ತೀರಿಕೊಂಡ ಚಾರ್ನ್ಲಿಯವರು, ಒಬ್ಬ ರೋಗಿಯ ಕೀಲು ಕಿರುಗುಟ್ಟಿದಾಗ ಹಾಗೆ ಹೇಳಿ ಸುಮ್ಮನಾಗಲಿಲ್ಲ.