ಸೀಚೇವಾಲದ ಮೂರು ಬಾವಿಗಳು

ನಮ್ಮ ಹಳ್ಳಿಗಳಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಯ ಬುಡವನ್ನು ಸೇರಿ ಅಲ್ಲಿಯೇ ಇಂಗುತ್ತಿದ್ದ ಕಾಲದಲ್ಲಿ, ಅದಕ್ಕೂ ಒಂದು ಶಾಸ್ತ್ರವುಂಟೆಂದು ಯಾರೂ ಬಗೆದಿರಲಿಲ್ಲ. ಪಂಜಾಬಿನ ಜಲಂಧರ ಜಿಲ್ಲೆಯ ಸೀಚೇವಾಲವೆಂಬ ಗ್ರಾಮವು ಇಡೀ ಊರಿನ ಬಚ್ಚಲನ್ನು ಒಂದೇ ಮನೆಯ ಹಿತ್ತಲೆಂಬಂತೆ ನಿರ್ವಹಿಸಿದ ವೃತ್ತಾಂತವನ್ನು ತಿಳಿದಾಗ ನನಗೆ ಮೊದಲು ನೆನಪಾದುದು ಆ ಬಾಳೆಯ ಬುಡವೇ.

ಈ ಸೀಮೆಯಲ್ಲಿ ಹರಿಯುವ ಕಾಲಿ ಬೇಯಿ ಸಾಮಾನ್ಯವಾದ ತೊರೆಯಲ್ಲ. ಸುಲ್ತಾನಪುರ ಲೋಧಿಯಲ್ಲಿ ಗುರುನಾನಕರು ಸ್ನಾನಕ್ಕೆಂದು ಇದರಲ್ಲಿ ಮುಳುಗಿದವರು ಮೂರು ದಿನಗಳ ತರುವಾಯ ಜ್ಞಾನಿಗಳಾಗಿ ಎದ್ದು ಬಂದರೆಂಬುದು ಸಿಖ್ಖರ ಶ್ರದ್ಧೆ. ಸುಮಾರು 160 ಕಿಲೋಮೀಟರು ಹರಿಯುವ ಆ ಪುಣ್ಯನದಿ ಕಾಲಕ್ರಮದಲ್ಲಿ ದಡದ ಊರುಗಳಿಗೆ ಚರಂಡಿಯಾಗಿ, ಅಂತರಗಂಗೆಯ ಹೊದಿಕೆಯಡಿ ಕಾಣದಾಗಿತ್ತು. 2000ದಲ್ಲಿ ಸಂತ ಬಲಬೀರ ಸಿಂಗ್ ಸೀಚೇವಾಲರು ಭಕ್ತಜನರೊಡನೆ ನೀರಿಗಿಳಿದು ನದಿಯನ್ನು ಶುಚಿಗೊಳಿಸುವ ಕರಸೇವೆಯನ್ನಾರಂಭಿಸಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ನೋಡಿದರು. 2017ರಲ್ಲಿ ಸಂತರಿಗೆ ಪದ್ಮಶ್ರೀ ಬಂದಿತು. ಇತಿಹಾಸಕ್ಕೆ ಇಷ್ಟು ಸಾಕು, ಏಕೆಂದರೆ ನನ್ನ ಮನಸ್ಸು ನಿಂತಿರುವುದು ಬಾವಿಗಳಲ್ಲಿ.

ನದಿಯ ಕಳೆಯನ್ನು ಎಷ್ಟು ಕಿತ್ತರೂ, ಊರಿನ ಕೊಳಚೆ ನಿಲ್ಲದ ಹೊರತು ಅದು ಮರಳಿ ಬೆಳೆಯುವುದು ನಿಶ್ಚಯ. ಆದುದರಿಂದ ಮನೆಮನೆಯ ಮಲಿನಜಲವನ್ನು ನೆಲದೊಳಗಿನ ಕೊಳವೆಗಳಲ್ಲಿ ಊರಾಚೆಗೆ ತಂದು, ಸಾಲಾಗಿ ಕಟ್ಟಿದ ಮೂರು ದುಂಡುಬಾವಿಗಳೊಳಗೆ ಹಾಯಿಸುವರು. ಮೊದಲನೆಯದಕ್ಕೆ ನೀರು ನೆಟ್ಟಗೆ ಬೀಳುವುದಿಲ್ಲ. ಗೋಡೆಗೆ ಓರೆಯಾಗಿ ಹೊಕ್ಕು, ಮೊಸರು ಕಡೆದ ಪಾತ್ರೆಯಲ್ಲಿ ಮಜ್ಜಿಗೆ ತಿರುಗುವಂತೆ ಸುತ್ತು ಹಾಕುತ್ತ, ಆ ಸುತ್ತಿನಲ್ಲಿಯೇ ತನ್ನ ಮರಳನ್ನೂ ಭಾರವಾದ ಕಸವನ್ನೂ ತಳಕ್ಕೆ ಒಪ್ಪಿಸಿಬಿಡುವುದು. ಎರಡನೆಯದರಲ್ಲಿ ಎಣ್ಣೆಜಿಡ್ಡು ಮತ್ತು ನೊರೆ ಮೇಲೆ ತೇಲಿ ನಿಲ್ಲುವುವು, ಬಾಗಿದ ಕೊಳವೆಯೊಂದು ಅವುಗಳ ಕೆಳಗಿನಿಂದ ನೀರನ್ನಷ್ಟೇ ಸೆಳೆದು ಮುಂದಕ್ಕೆ ದಾಟಿಸುವುದು. ತುಪ್ಪದ ಕೆಳಗಿನ ಸಾರನ್ನು ಬಟ್ಟಲಿಗೆ ಬಗ್ಗಿಸಲು ಹೆಣಗಿದ ಯಾವ ಗೃಹಿಣಿಯೂ ಈ ಬಾಗಿದ ಕೊಳವೆಯ ಬುದ್ಧಿಯನ್ನು ಮೆಚ್ಚದಿರಲಾರಳು! ಭಾರವಾದುದು ಮುಳುಗುವುದು, ಹಗುರವಾದುದು ತೇಲುವುದು ಎಂಬ ಮಕ್ಕಳಿಗೂ ತಿಳಿದ ನಿಯಮದ ಹೊರತು ಈ ಬಾವಿಗಳಲ್ಲಿ ಬೇರೆ ಯಂತ್ರವಿಲ್ಲ, ರಾಸಾಯನಿಕವಿಲ್ಲ. ಮೂರನೆಯ ಬಾವಿಯಲ್ಲಿ ಉಳಿದ ಕೆಸರು ತಂಗುವುದು. ಅಲ್ಲಿಂದಾಚೆಗೆ ತೆರೆದ ಕೊಳ. ಬಿಸಿಲು, ಪಾಚಿ ಮತ್ತು ಸೂಕ್ಷ್ಮಜೀವಿಗಳು ತಮ್ಮ ಕೆಲಸವನ್ನು ಮುಗಿಸಿದ ಮೇಲೆ ಪಂಪಿನಿಂದ ಹೊಲಗಳಿಗೆ. ಗೋಧಿ ಭತ್ತಗಳಿಗಾಗಿ ಅಂತರ್ಜಲವನ್ನು ಬರಿದು ಮಾಡುತ್ತಿರುವ ನಾಡಿನಲ್ಲಿ ಈ ನೀರಿಗೆ ಬೆಲೆಯುಂಟು. ಅದರಲ್ಲಿ ಗೊಬ್ಬರದ ಸತ್ವವೂ ಉಂಟು.

ಆದರೆ ಇದನ್ನು ಸರ್ವರೋಗಕ್ಕೂ ಮದ್ದೆಂದು ಕೊಂಡಾಡುವುದು ಸಲ್ಲದು. ಕಾರ್ಖಾನೆಯ ವಿಷಜಲವನ್ನು ಈ ಬಾವಿಗಳು ಶುದ್ಧಿಗೊಳಿಸಲಾರವು; ಕೊಳಕ್ಕೆ ನೆಲ ಬೇಕು, ಎಚ್ಚರದಪ್ಪಿದರೆ ಸೊಳ್ಳೆಗೆ ಅದೇ ತವರು. ಎಲ್ಲಕ್ಕಿಂತ ಮಿಗಿಲಾಗಿ, ತಳದ ಹೂಳನ್ನು ಕಾಲಕಾಲಕ್ಕೆ ಯಾರಾದರೂ ಎತ್ತಲೇಬೇಕು. ಕಟ್ಟುವ ದಿನ ಸೇರಿದ ಜನಸ್ತೋಮ ಹೂಳೆತ್ತುವ ದಿನ ಕಾಣಿಸದಿರುವುದು ಪಂಜಾಬಿಗೆ ಮಾತ್ರ ವಿಶೇಷವಾದ ಸಂಗತಿಯೇನಲ್ಲ, ನಮ್ಮ ಕೆರೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ನದಿಯ ಮಾತಿಗೆ ಬಂದರೆ, ಕರಸೇವೆಯ ತರುವಾಯವೂ, ಮೇಲಣ ಊರುಗಳ ಕೊಳಚೆ ನುಗ್ಗಿ, ಕಾಲಿ ಬೇಯಿಯಲ್ಲಿ ಮೀನುಗಳು ಸತ್ತು ತೇಲಿದ್ದು ಒಂದು ಸಲವಲ್ಲ.